ಒಂಬತ್ತನೆಯ ಸಾಲು

ಚುಕ್ಕೆರಾಯರ ಅರೆತಲೆನೋವಿಗೆ ಕಾರಣ ಅವರ ಹೊಟ್ಟೆಪಾಡು. ಮುದ್ರಣಾಲಯದಲ್ಲಿ ಅವರದು ಕರಡು ತಿದ್ದುವ ಕೆಲಸ. ಅದೂ ಔಷಧಿ ಡಬ್ಬಿಯೊಳಗೆ ಎಂಟು ಮಡಿಕೆಯಾಗಿ ಕೂತಿರುತ್ತದಲ್ಲ, ಆ ತೆಳು ಚೀಟಿಯದು. ಅಕ್ಷರಗಳು ಇರುವೆಯ ಕಾಲಿಗಿಂತ ಸಣ್ಣವು. ಬಿಟ್ಟುಹೋದ ಚುಕ್ಕೆಗಳನ್ನು ಇಪ್ಪತ್ತು ವರ್ಷ ಹುಡುಕಿದ್ದಕ್ಕೆ ಅವರಿಗೆ ಈ ಅಡ್ಡಹೆಸರೂ ಬಂದಿತ್ತು, ಎಡಗಣ್ಣಿನ ಹಿಂದೆ ಆಗಾಗ ಸುತ್ತಿಗೆಯೇಟೂ ಬೀಳುತ್ತಿತ್ತು.

ಪಾರಾಗಲು ಇದ್ದದ್ದು ಒಂದೇ ದಾರಿ, ಪೋಸ್ಟರ್ ವಿಭಾಗ. ಅಲ್ಲಿ ಒಂದೊಂದು ಅಕ್ಷರವೂ ಅಂಗೈಯಗಲ. ವರ್ಗಾವಣೆಯ ಅರ್ಜಿ ಮ್ಯಾನೇಜರ ಮೇಜಿನ ಮೇಲಿತ್ತು. ಸಂಜೆ ಸಹಿ ಹಾಕುತ್ತೇನೆ ಎಂದಿದ್ದರು.

ಅಂದೇ ಬೆಳಿಗ್ಗೆ ಹತ್ತಕ್ಕೆ ತಲೆನೋವು ಹಿಡಿಯಿತು. ಡಾಕ್ಟರು ಬರೆದುಕೊಟ್ಟ ಮಾತ್ರೆಯೊಂದನ್ನು ನುಂಗಿ, ಚುಕ್ಕೆರಾಯರು ಡಬ್ಬಿಯ ಮೇಲೆ ಸಮಯ ಗುರುತು ಹಾಕಿದರು. ಇಳಿದ ನೋವು ಒಂದು ಗಂಟೆಗೆ ಮತ್ತೆ ಏರಿತು. ಎರಡು ಮಾತ್ರೆಗಳ ನಡುವೆ ಇರಬೇಕೆಂದು ಡಾಕ್ಟರು ಹೇಳಿದ್ದಷ್ಟು ಹೊತ್ತು ಕಳೆದಿದೆಯೇ ಎಂದು ಗಡಿಯಾರ ನೋಡಿ, ಇನ್ನೊಂದನ್ನು ತೆಗೆದುಕೊಂಡರು. ದಿನಕ್ಕೆ ಎರಡೇ ಎಂದು ಅವರಿಗೆ ಕಟ್ಟಪ್ಪಣೆಯಾಗಿತ್ತು. ಡಬ್ಬಿಯಲ್ಲಿ ಉಳಿದದ್ದು ಕೊನೆಯದೊಂದು.

ಮೂರು ಗಂಟೆಗೆ ಮ್ಯಾನೇಜರಿಗೆ ತಲೆನೋವು ಬಂತು. ಅವರಿಗೆ ಬಂತೆಂದರೆ ಇಡೀ ಕಚೇರಿಗೆ ಬಂದಂತೆಯೇ.

"ಏನ್ರೀ, ನಿಮ್ಮ ಹತ್ರ ಭಾರಿ ಮಾತ್ರೆ ಇದ್ಯಂತೆ. ಕೊಡ್ರೀ ಒಂದು."

"ಸಾರ್, ಅದು ನನಗೆ ಬರೆದುಕೊಟ್ಟಿದ್ದು. ಹೋದ ವರ್ಷ ನಿಮಗೆ ಹೃದಯದ ತೊಂದ್ರೆ ಆಗಿತ್ತಲ್ಲ, ಅಂಥವರು ಇದನ್ನ ತಗೋಬಾರ್ದು."

"ಯಾರ್ರೀ ಹೇಳಿದ್ದು?"

"ಚೀಟೀಲೇ ಇದೆ ಸಾರ್. ನಾವೇ ಅಚ್ಚು ಹಾಕಿದ್ದು. ಒಂಬತ್ತನೇ ಸಾಲು."

"ಅಚ್ಚು ಹಾಕೋದು ನಮ್ಮ ಕೆಲಸ ಕಣ್ರೀ, ಓದೋದಲ್ಲ!"

ಹೊರಗೆ ಬಂದರೆ ಟೈಪಿಂಗ್ ಅಕ್ಕ ಕಾದಿದ್ದರು. "ಒಂದು ಮಾತ್ರೆಗೆ ಇಷ್ಟು ಜಿಪುಣತನಾನಾ? ಇವತ್ತೇ ನಿಮ್ಮ ಅರ್ಜಿಗೆ ಸಹಿ ಆಗ್ಬೇಕು. ಕೊಟ್ಟು ಕೈ ತೊಳ್ಕೊಳ್ಳಿ."

"ಕೊಟ್ರೆ ಅವರನ್ನೇ ಕಳ್ಕೋತೀವಿ ಅಕ್ಕಾ!"

ಪಕ್ಕದಲ್ಲಿದ್ದ ಬೈಂಡಿಂಗ್ ಮಾಮ ಇದನ್ನೆಲ್ಲ ಕೇಳಿಸಿಕೊಂಡರು. ಅವರು ಮಾತಿನ ಜಾತಿಯಲ್ಲ, ಕೆಲಸದ ಜಾತಿ. ಚುಕ್ಕೆರಾಯರು ಮುಖ ತೊಳೆಯಲು ಹೋದದ್ದೇ ತಡ, ಅವರ ಡ್ರಾಯರಿನಿಂದ ಮಾತ್ರೆ ತೆಗೆದು, ಒಂದು ಲೋಟ ನೀರಿನ ಜೊತೆ ಮ್ಯಾನೇಜರಿಗೆ ಕೊಟ್ಟೇಬಿಟ್ಟರು.

ಚುಕ್ಕೆರಾಯರು ಬಂದು ನೋಡುತ್ತಾರೆ, ಮಾತ್ರೆ ಬಾಯಿಗೆ ಗೇಣು ದೂರದಲ್ಲಿದೆ! ಒಂದೇ ನೆಗೆತಕ್ಕೆ ಮ್ಯಾನೇಜರ ಕೈ ಹಿಡಿದರು. ಮಾತ್ರೆ ಚುಕ್ಕೆರಾಯರ ಮುಷ್ಟಿಗೆ ಬಂತು, ಲೋಟ ಮೇಜಿನ ಮೇಲೆ ಉರುಳಿತು, ನೀರೆಲ್ಲ ಅರ್ಜಿಯ ಪಾಲಾಯಿತು. ಇಪ್ಪತ್ತು ವರ್ಷದ ಆಸೆ ನೀಲಿ ಶಾಯಿಯಾಗಿ ಮ್ಯಾನೇಜರ ಪ್ಯಾಂಟಿನ ಮೇಲೆ ಹರಿಯಿತು.

"ತೊಲಗ್ರೀ ಆಚೆ!" ಎಂದು ಕಿರುಚಿ, ತಲೆ ಹಿಡಿದುಕೊಂಡೇ ಮ್ಯಾನೇಜರು ಡಾಕ್ಟರ ಹತ್ತಿರ ಹೋದರು. "ಮುಗೀತು ನಿಮ್ಮ ಕತೆ," ಎಂದರು ಟೈಪಿಂಗ್ ಅಕ್ಕ.

ಐದೂವರೆಗೆ ಮ್ಯಾನೇಜರು ವಾಪಸು ಬಂದು ಎಲ್ಲರನ್ನೂ ಕರೆದರು. "ಆ ಮಾತ್ರೆ ನುಂಗಿದ್ರೆ ಹೃದಯಕ್ಕೆ ಅಪಾಯ ಇತ್ತಂತೆ. ತಡೆದ ಪುಣ್ಯಾತ್ಮ ಯಾರು ಅಂತ ಡಾಕ್ಟರೇ ಕೇಳಿದ್ರು."

ಚುಕ್ಕೆರಾಯರ ಕಣ್ಣು ತುಂಬಿ ಬಂತು. ಅಷ್ಟರಲ್ಲೇ ಬರೆದಿಟ್ಟುಕೊಂಡಿದ್ದ ಹೊಸ ಅರ್ಜಿಯನ್ನು ಜೇಬಿನಿಂದ ಮೆಲ್ಲಗೆ ಹೊರತೆಗೆದರು.

"ಇಡೀ ಪ್ರೆಸ್ಸಲ್ಲಿ ಚೀಟಿ ಓದೋರು ನೀವೊಬ್ರೇ," ಎಂದು ಮ್ಯಾನೇಜರು ಅವರ ಹೆಗಲು ತಟ್ಟಿದರು. "ನಿಮ್ಮನ್ನ ಪೋಸ್ಟರಿಗೆ ಕಳಿಸೋಷ್ಟು ಮೂರ್ಖನಾ ನಾನು? ನಾಳೆಯಿಂದ ಎಲ್ಲಾ ಕಂಪನಿಗಳ ಚೀಟೀನೂ ನಿಮಗೇ. ಪೋಸ್ಟರಿಗೆ ಬೈಂಡಿಂಗ್ ಮಾಮ ಹೋಗ್ಲಿ. ಅಲ್ಲಿ ಓದದೇ ಇದ್ರೂ ಯಾರಿಗೂ ಪ್ರಾಣಾಪಾಯ ಇಲ್ಲ."

ಎಲ್ಲರೂ ಚಪ್ಪಾಳೆ ತಟ್ಟಿದರು. ಒಂದೊಂದು ಚಪ್ಪಾಳೆಯೂ ಚುಕ್ಕೆರಾಯರ ಎಡಗಣ್ಣಿನ ಹಿಂದೆಯೇ ಬಿತ್ತು.

"ಅಯ್ಯೋ, ಮತ್ತೆ ಬಂತಾ? ಮಾತ್ರೆ ಹೇಗೂ ಉಳೀತಲ್ಲ, ತಗೊಳ್ಳಿ!" ಎಂದರು ಟೈಪಿಂಗ್ ಅಕ್ಕ.

ಚುಕ್ಕೆರಾಯರು ಡಬ್ಬಿ ತೆರೆದು ಮಾತ್ರೆಯನ್ನು ಆಸೆಯಿಂದ ನೋಡಿದರು. ಆಮೇಲೆ ಡಬ್ಬಿಯ ಮೇಲೆ ತಾವೇ ಹಾಕಿದ್ದ ಎರಡು ಗುರುತುಗಳನ್ನು ನೋಡಿದರು. ಮುಚ್ಚಳ ಮುಚ್ಚಿ, ದೀಪ ಆರಿಸಿ, ಹಣೆಗೆ ಒದ್ದೆ ಕರವಸ್ತ್ರ ಕಟ್ಟಿಕೊಂಡರು.

"ದಿನಕ್ಕೆ ಎರಡೇ, ಅಕ್ಕಾ," ಎಂದು ನರಳಿದರು. "ಹತ್ತನೇ ಸಾಲು."