ಚೈನು ಬೀಳದೆ ಸಂತಪುರ ಮುಟ್ಟಿದ್ದು

ಜನ ಇಲ್ಲದ ಜಾಗದಲ್ಲಿ ನನ್ನ ಸೈಕಲ್ಲಿನ ಚೈನು ಒಮ್ಮೆಯೂ ಬಿದ್ದಿಲ್ಲ. ನಾಲ್ಕು ಮಂದಿ ನಿಂತು ನೋಡುವಂತಿದ್ದರೆ ಮಾತ್ರ ಬೀಳುತ್ತದೆ. ರೊಟ್ಟಿ ಮಾರಿ ನನ್ನ ದುಡಿಮೆಯಲ್ಲೇ ಕೊಂಡ ಗೇರ್ ಸೈಕಲ್ಲು ಅದು. ಹಿಂದೆ ತಟ್ಟೆ ಜೋಡಿಸಿಟ್ಟಂತೆ ಹಲ್ಲಿನ ಚಕ್ರಗಳ ಸಾಲು. ಮುಂದೆ, ಪೆಡಲಿನ ಹತ್ತಿರ, ಒಂದೇ ಒಂದು. ರಸ್ತೆಯಲ್ಲಿ ತಗ್ಗು ಬಂತೆಂದರೆ ಚೈನು ಆ ಮುಂದಿನ ಚಕ್ರದಿಂದ ಜಿಗಿದು ಜೋತುಬೀಳುತ್ತದೆ. ಮಾರಿಬಿಡು ಎಂದವರಿಗೆ ಲೆಕ್ಕವಿಲ್ಲ. ನಾನು ಮಾರುವವಳಲ್ಲ.

ಗಂಜಿನಲ್ಲಿ

ಬೀದರಿನ ಗಾಂಧಿ ಗಂಜ್ ಮಾರುಕಟ್ಟೆಯ ಹಮಾಲರಿಗೆ ರೊಟ್ಟಿ ಕೊಡಲು ಹೋಗುವಾಗ ತೊಗರಿ ಲಾರಿಯ ಮುಂದೆಯೇ ಚೈನು ಬಿತ್ತು. ಲಾರಿ ನಿಂತಿತು, ಅದರ ಹಿಂದಿನ ಕೈಗಾಡಿಗಳೂ ನಿಂತವು. ಚೀಲ ಇಳಿಸಿಟ್ಟು ಹಮಾಲರೆಲ್ಲ ಸುತ್ತುಗಟ್ಟಿದರು. ಹಿರಿಯರೊಬ್ಬರು ಬಗ್ಗಿ ನೋಡಿ ಕೇಳಿದರು:

"ಹಿಂದ ಇಷ್ಟು ಚಕ್ರ ಅವ, ಮುಂದ ಒಂದೇ ಅದಲ್ಲವ್ವಾ. ಉಳಿದವು ಯಾರು ಕದ್ರು?"

"ಯಾರೂ ಕದ್ದಿಲ್ರೀ ಕಾಕಾ. ಕಂಪನಿಯವರೇ ಒಂದ ಹಾಕಿ ಕೊಡ್ತಾರ."

"ಹಂಗಾರ ಕಂಪನಿಯವರೇ ಕದ್ದಾರ."

ಲಾರಿ ಡ್ರೈವರ್ ಕೂಡ ಹಾರ್ನ್ ಹೊಡೆಯುವುದು ಬಿಟ್ಟು ಹೌದೆಂದು ತಲೆಯಾಡಿಸಿದ.

ಚಿದ್ರಿಯಲ್ಲಿ

ನಾನಿರುವುದು ಬೀದರಿನ ಚಿದ್ರಿಯಲ್ಲಿ. ನನ್ನ ಗೋಳು ನೋಡಲಾರದೆ ಪಕ್ಕದ ಮನೆಯಾಕೆ, ನನಗೆ ಹೇಳದೆ, ಚೈನಿಗೆ ಎಣ್ಣೆ ಬಿಟ್ಟಳು. ಮರುದಿನ ಮುಂಜಾನೆ ಹೊರಟರೆ ಓಣಿಯ ನಾಯಿಗಳೆಲ್ಲ ಬೆನ್ನು ಹತ್ತಿದವು. ಪ್ರಾಣಭಯದಿಂದ ತುಳಿದೆ; ಚೈನು ಬಿತ್ತು. ಕಣ್ಣು ಮುಚ್ಚಿ ನಿಂತೆ. ಯಾವ ನಾಯಿಯೂ ಕಚ್ಚಲಿಲ್ಲ. ಕಣ್ಣು ಬಿಟ್ಟರೆ ಎಲ್ಲ ಸೇರಿ ಚೈನು ನೆಕ್ಕುತ್ತಿವೆ. ಹಿಂದಿರುಗಿ ಪಕ್ಕದ ಮನೆಯಾಕೆಯನ್ನು ಕೇಳಿದೆ:

"ಯಾವ ಎಣ್ಣಿ ಹಾಕಿದ್ಯವ್ವಾ?"

"ಕುಸುಬಿ ಎಣ್ಣಿ ಅಕ್ಕಾ, ಮೊನ್ನಿ ಭಜಿ ಕರಿದು ಉಳಿದದ್ದು. ಭಜಿ ನಿಮಗೂ ಕಳಿಸಿದ್ದೆನಲ್ಲ, ಚಲೋ ಇದ್ದಿಲ್ಲೇನು?"

ಭಾಲ್ಕಿಯಲ್ಲಿ

ಸಂತಪುರದಲ್ಲಿ ನನ್ನ ಅಣ್ಣನ ಮನೆ. ಸೈಕಲ್ ಮೇಲೆ ಹೋದಾಗಲೆಲ್ಲ ಚೈನು ಏರಿಸಿ ಏರಿಸಿ ಎರಡೂ ಕೈ ಕರಿ. ಅಣ್ಣನ ಹೆಂಡತಿ, ನಮ್ಮ ವೈನಿ, ಕೈ ತೊಳೆಯಲು ನೀರಿನ ತಂಬಿಗೆ ಹಿಡಿದೇ ಬಾಗಿಲಿಗೆ ಬರುತ್ತಿದ್ದರು. ಒಂದು ದಿನ ಅಣ್ಣ ಎಲ್ಲರೆದುರು ಹೇಳಿಬಿಟ್ಟ:

"ಚೈನ್ ಬೀಳೋ ಗಾಡಿ ಮನ್ಯಾಗ ಇಡಬಾರದು. ಮುಂದಿನ ಸಲ ಒಮ್ಮಿನೂ ಬೀಳದಂಗ ಬಾ, ನಾ ಬಾಯಿ ಮುಚ್ಚತೇನಿ. ಬಿತ್ತೋ, ಅವತ್ತೇ ಮಾರಬೇಕು."

ನಾನೂ ಹಟಕ್ಕೆ "ಆಗಲಿ" ಎಂದೆ.

ಚೈನ್ ಗೈಡ್ ಎಂಬುದೊಂದಿದೆ ಎಂದು ಆಮೇಲೆ ಓದಿ ತಿಳಿದೆ. ಪೆಡಲಿನ ಬಳಿಯ ಹಲ್ಲಿನ ಚಕ್ರದ ಮೇಲೆ ಕೂತು, ಚೈನು ಅತ್ತಿತ್ತ ಜಿಗಿಯದಂತೆ ಎರಡೂ ಬದಿ ತಡೆಯುವ ಸಣ್ಣ ತುಂಡು. ತರಿಸಿಕೊಂಡು, ಗೇರ್ ಸೈಕಲ್ ಬಲ್ಲ ಭಾಲ್ಕಿಯ ಮೆಕ್ಯಾನಿಕ್ ಬಳಿ ಒಯ್ದೆ. ಕೂಡಿಸಿದ, ತಿರುಗಿಸಿದ, ಸೈಕಲ್ ಎತ್ತಿ ಕುಕ್ಕಿದ. ಚೈನು ಬೀಳಲಿಲ್ಲ. ಅವನ ಮುಖ ಸಣ್ಣದಾಯಿತು.

"ಯಾಕ್ರೀ, ಸರಿ ಆಯ್ತಲ್ಲ?"

"ಆಯ್ತ್ರೀ ಅಕ್ಕೋರೆ. ಆದ್ರ ಇದನ್ನ ಯಾರಿಗೂ ತೋರಿಸಬ್ಯಾಡ್ರಿ. ಚೈನ್ ಬೀಳಲಿಲ್ಲಂದ್ರ ನಾವು ಅಂಗಡಿ ಮುಚ್ಚಬೇಕಾಗ್ತದ."

ಸಂತಪುರದಲ್ಲಿ

ಬೀದರಿನಿಂದ ಸಂತಪುರದವರೆಗೆ ಚೈನು ಅಲುಗಲಿಲ್ಲ. ತಗ್ಗು ಕಂಡಲ್ಲೆಲ್ಲ ಬೇಕೆಂದೇ ಇಳಿಸಿದೆ. ಅಣ್ಣನ ಅಂಗಳದಲ್ಲಿ ಎದೆ ಸೆಟೆಸಿ ಇಳಿದೆ. ತಂಬಿಗೆ ತಂದ ವೈನಿ ನನ್ನ ಕೈ ನೋಡಿ ನಿಂತರು.

"ಕೈ ಬೆಳ್ಳಗ ಅವಲ್ಲ! ಬಸ್ಸಿಗೆ ಬಂದಿರೇನು?"

"ಸೈಕಲ್ ಮ್ಯಾಲೇ ಬಂದೀನ್ರಿ ವೈನಿ. ಚೈನ್ ಬಿದ್ದಿಲ್ಲ."

"ಸೈಕಲ್ ಬಸ್ಸಿನ ಮ್ಯಾಲ ಹಾಕಿ, ಊರ ಹೊರಗ ಇಳದಾಳ," ಎಂದು ಅಣ್ಣ ನಕ್ಕ.

ಕೈ ಕರಿಯಾಗಿದ್ದರೆ ಚೈನು ಬಿದ್ದಂತೆ. ಬೆಳ್ಳಗಿದ್ದರೆ ಬಸ್ಸಿಗೆ ಬಂದಂತೆ. ಇನ್ನು ಯಾವ ಕೈ ತರಲಿ?

"ನಡಿ ಅಣ್ಣಾ, ಔರಾದ್ ತನಕ ತುಳಿತೇನಿ. ಹಿಂದಿಂದ ಬಾ, ಕಣ್ಣಾರೆ ನೋಡು."

ಅವನು ತನ್ನ ಹಳೆಯ ಮೋಟಾರ್ ಸೈಕಲ್ ಹತ್ತಿದ. ಊರು ದಾಟುವುದರೊಳಗೆ ಠಪ್ಪೆಂದು ಚೈನು ಬಿತ್ತು. ಅಣ್ಣನದು. ಬಿಳಿ ಧೋತರ ಎತ್ತಿ ಹಿಡಿದು ಅವನು ನಿಂತ. ನಾನೇ ಕುಕ್ಕರಗಾಲಲ್ಲಿ ಕೂತು ಚೈನು ಏರಿಸಿದೆ. ಅಲ್ಲಿಂದಲೇ ಹಿಂದಿರುಗಿದೆವು.

ವೈನಿ ನನ್ನ ಕೈ ನೋಡಿ ಚಪ್ಪಾಳೆ ತಟ್ಟಿದರು. "ಬಿತ್ತಲ್ಲ! ಮಾರ್ರಿ ಇನ್ನ."

ಅಣ್ಣ ನೆಲ ನೋಡುತ್ತ, "ಬಿದ್ದದ್ದು ಖರೆ," ಎಂದ. ಯಾರದೆಂದು ಹೇಳಲಿಲ್ಲ.

"ಖರೆ ಅದ್ರಿ ವೈನಿ," ಎಂದು ಎರಡೂ ಕರಿ ಕೈಗಳನ್ನು ಅವನ ಗಾಡಿಯ ಸೀಟಿಗೆ ಒರೆಸಿದೆ. "ಬಿದ್ದದ್ದು ಇದರದು. ಅಣ್ಣನ ಮಾತಿನಂಗ ಇವತ್ತೇ ಮಾರಸ್ರಿ."

ವೈನಿ ಸೀಟು ನೋಡಿದರು, ಗಂಡನ ಮುಖ ನೋಡಿದರು. ಎಲ್ಲ ತಿಳಿಯಿತು. ನನ್ನ ಕೈಗೆ ನೀರು ಸುರಿಯುತ್ತ ಮೆಲ್ಲಗೆ ಕೇಳಿದರು:

"ಅದನ್ನ ಮಾರಸೋಣ್ರಿ. ಆದ್ರ ನನಗರ ಖರೆ ಹೇಳ್ರಿ, ಮುಂಜಾನಿ ಯಾವ ಬಸ್ಸಿಗೆ ಬಂದ್ರಿ?"