ಅರವತ್ತೆರಡು ಕಳೆದರೆ ಆಡಿನ ತೂಕ

ಆಡು ಸಾಕಿ ಕೈ ಸುಟ್ಟುಕೊಂಡವರೆಲ್ಲ ಲೆಕ್ಕ ಬಾರದವರು ಎಂಬುದು ಅಂಚೆಯಣ್ಣನ ಸಿದ್ಧಾಂತ. ವರ್ಷಾನುಗಟ್ಟಲೆ ಸೈಕಲ್ ತುಳಿದು ಕಾಗದ ಹಂಚಿ ನಿವೃತ್ತನಾದ ಮರುವಾರವೇ ಅವನು ಊಟದ ಮೇಜಿನ ಮೇಲೆ ಹಾಳೆ ಹರಡಿಕೊಂಡು, ಮಾಂಸದ ಆಡಿನ ಫಾರಂಗೆ ಬಜೆಟ್ ಮಂಡಿಸಿದ. ಮಂಡಿಸಿದ್ದು ಹೆಂಡತಿಯ ಮುಂದೆ, ಏಕೆಂದರೆ ಖಜಾನೆ ಅವಳದು. ಅವಳು ಊರವರ ಬಟ್ಟೆ ಹೊಲಿದು, ಎರಡನೆಯ ಹೊಲಿಗೆ ಯಂತ್ರಕ್ಕೆಂದು ಕೂಡಿಟ್ಟ ದುಡ್ಡೇ ಫಾರಂನ ಬಂಡವಾಳ.

"ಮೊದಲ ಮಾರಾಟ ಆದ ದಿನವೇ ನನ್ನ ಮಷೀನ್ ಮನೆಗೆ ಬರ್ಬೇಕು" ಎಂದಳು ಅವಳು.

"ಬರತ್ತೆ. ನೋಡ್ತಾ ಇರು, ಈ ಬಜೆಟ್‌ನಲ್ಲಿ ಒಂದು ಪೈಸೆ ಪೋಲಾಗಲ್ಲ."

ಪೋಲು ತಡೆಯುವ ಮಹತ್ಕಾರ್ಯ ಅಲ್ಲೇ ಶುರುವಾಯಿತು. "ತೂಗುವ ಯಂತ್ರ" ಎಂಬ ಬಾಬ್ತಿನ ಮೇಲೆ ಅವನು ಕೆಂಪು ಗೆರೆ ಎಳೆದ. ಮನುಷ್ಯರು ಹತ್ತಿ ನಿಲ್ಲುವ ಪುಟ್ಟ ಯಂತ್ರವೊಂದು ಮನೆಯಲ್ಲೇ ಇತ್ತಲ್ಲ. ಮರಿಯನ್ನು ಎತ್ತಿಕೊಂಡು ಅದರ ಮೇಲೆ ನಿಲ್ಲುವುದು, ಬಂದ ಅಂಕಿಯಲ್ಲಿ ತನ್ನ ತೂಕ ಕಳೆಯುವುದು, ಉಳಿದದ್ದು ಮರಿಯ ತೂಕ.

"ಮೊದಲು ನಿಮ್ಮ ತೂಕ ನೋಡ್ಕೊಳ್ಳಿ."

"ನೋಡೋದೇನು? ಮದುವೇಲೂ ಅರವತ್ತೆರಡು, ನಿವೃತ್ತಿಯಲ್ಲೂ ಅರವತ್ತೆರಡು. ತೂಕದ ಬಟ್ಟಾದ್ರೂ ಸವೆದೀತು, ನಾನು ಕದಲಲ್ಲ" ಎಂದು ಅಂಚೆಯಣ್ಣ ಎದೆ ತಟ್ಟಿಕೊಂಡ.

ಹತ್ತು ಮರಿಗಳು ಬಂದವು. ಅಂಚೆಯಣ್ಣ ಸೈಕಲ್ಲನ್ನು ಗೋಡೆಗೆ ಒರಗಿಸಿ, ಕೊಟ್ಟಿಗೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಆಡಳಿತ ನಡೆಸತೊಡಗಿದ. ತಿಂಗಳ ಕೊನೆಗೆ ತೂಗಿದರೆ ಒಂದೊಂದು ಮರಿಯೂ ಯೋಜನೆಗಿಂತ ಮುಂದೆ! ಇಂಥ ಸಾಧನೆಗೆ ಬಾಯಿ ಸಿಹಿ ಮಾಡಿಕೊಳ್ಳದಿದ್ದರೆ ಹೇಗೆ? ಸಿಹಿಯಾಯಿತು. ಸಿಹಿಯ ಬೆನ್ನಿಗೇ ಕರಿದ ಖಾರವಾಯಿತು. ಮುಂದಿನ ತಿಂಗಳು ಮರಿಗಳು ಇನ್ನೂ ಮುಂದೆ ಹೋದವು, ಸಿಹಿ ಇನ್ನೊಂದು ತಟ್ಟೆ ಬಂತು. ತಾವಾಗಿಯೇ ಇಷ್ಟು ಬೆಳೆಯುವ ಪ್ರಾಣಿಗಳಿಗೆ ಅಷ್ಟೊಂದು ಹಿಂಡಿ ಯಾಕೆಂದು ಅವನು ಹಿಂಡಿಯ ಖರ್ಚಿಗೂ ಕತ್ತರಿ ಹಾಕಿದ. ತೂಕ ಮಾತ್ರ ಏರುತ್ತಲೇ ಹೋಯಿತು.

"ರೀ, ಮರಿಗಳ ಪಕ್ಕೆಲುಬು ಎಣಿಸ್ಬಹುದು" ಎಂದಳು ಹೆಂಡತಿ, ಅವನ ಪ್ಯಾಂಟಿನ ಸೊಂಟದ ಹೊಲಿಗೆ ಬಿಚ್ಚುತ್ತ.

"ಅದು ಕೊಬ್ಬಿಲ್ಲದ ಮಾಂಸ ಕಣೇ. ಅಂಥದ್ದಕ್ಕೇ ಬೆಲೆ ಜಾಸ್ತಿ."

"ಈ ಪ್ಯಾಂಟು ಲೂಸ್ ಮಾಡ್ತಿರೋದು ಇದು ಎರಡನೇ ಸಲ."

"ಬಟ್ಟೆ ಕುಗ್ಗಿದೆ. ಈಗಿನ ಬಟ್ಟೆಗಳೇ ಹಾಗೆ."

ಸಾಲದೆಂಬಂತೆ ಅವನಿಗೆ ತನ್ನ ತೋಳಿನ ಬಗ್ಗೆಯೂ ಹೆಮ್ಮೆ ಹುಟ್ಟಿತ್ತು. ಮೂವತ್ತು ಕಿಲೋದ ಮರಿಯನ್ನು ಏದುಸಿರಿಲ್ಲದೆ ಎತ್ತುತ್ತಿದ್ದ. ಈ ವಯಸ್ಸಿನಲ್ಲಿ ಇಂಥ ಕಸುವು ಯಾರಿಗುಂಟು ಯಾರಿಗಿಲ್ಲ! ಆ ಹುರುಪಿನಲ್ಲೇ ಪೇಟೆಯ ಮಾಂಸದಂಗಡಿಗೆ ಹೋಗಿ, "ಒಂದೊಂದೂ ಮೂವತ್ತು ಕಿಲೋ. ಕಡಿಮೆಯಿದ್ರೆ ಮುಟ್ಟಲೇಬೇಡಿ" ಎಂದು ಮಾತು ಕೊಟ್ಟು ಬಂದ.

ಮಾರಾಟದ ದಿನ ಮರಿಗಳ ಜೊತೆ ಹೆಂಡತಿಯೂ ಗಾಡಿ ಹತ್ತಿದಳು. ದುಡ್ಡು ಎಣಿಸಿಕೊಂಡು ನೇರ ಹೊಲಿಗೆ ಯಂತ್ರದ ಅಂಗಡಿಗೆ ಹೋಗುವುದೆಂದು ಮಾತಾಗಿತ್ತು. ಮಾಂಸದಂಗಡಿಯವನು ಮೊದಲ ಮರಿಯನ್ನು ತನ್ನ ದೊಡ್ಡ ಯಂತ್ರದ ಮೇಲೆ ನಿಲ್ಲಿಸಿದ. ಇಪ್ಪತ್ತೊಂದು. ಎರಡನೆಯದನ್ನು ನಿಲ್ಲಿಸಿದ, ಮೂರನೆಯದನ್ನು ನಿಲ್ಲಿಸಿದ. ಅಂಚೆಯಣ್ಣನ ಲೆಕ್ಕಕ್ಕಿಂತ ಎಲ್ಲವೂ ಒಂಬತ್ತು ಕಿಲೋ ಕಡಿಮೆ.

"ನಿಮ್ಮ ಯಂತ್ರ ಕೆಟ್ಟಿದೆ" ಎಂದ ಅಂಚೆಯಣ್ಣ.

"ಅನುಮಾನ ಇದ್ರೆ ನೀವೇ ಹತ್ತಿ ನೋಡಿ. ನಿಮ್ಮ ತೂಕ ನಿಮಗೆ ಗೊತ್ತಲ್ಲ."

"ಹತ್ತೋಣ. ಅರವತ್ತೆರಡು ಬರದಿದ್ರೆ ಇದನ್ನ ಗುಜರಿಗೆ ಹಾಕ್ಬೇಕು, ಅಷ್ಟೇ."

ಹತ್ತಿದ. ಎಪ್ಪತ್ತೊಂದು.

ಅಂಗಡಿಯವನು ಮರಿಗಳನ್ನು ನೋಡಿದ, ಅಂಚೆಯಣ್ಣನ ಹೊಟ್ಟೆಯನ್ನು ನೋಡಿದ. "ಅಣ್ಣಾ, ನಿಮ್ಮ ಫಾರಂನಲ್ಲಿ ಮೇವು ಚೆನ್ನಾಗೇ ಇದೆ. ತಿಂದವರು ಮಾತ್ರ ಬೇರೆ" ಎಂದ.

ಅಂಚೆಯಣ್ಣನ ಮುಖ ಪೆಚ್ಚಾಯಿತು. ಇಷ್ಟು ತಿಂಗಳು ತನ್ನ ಹೊಟ್ಟೆಗೆ ಸೇರಿದ ಒಂಬತ್ತು ಕಿಲೋವನ್ನು ಅವನು ಹತ್ತು ಮರಿಗಳ ಹೆಸರಿಗೂ ಜಮಾ ಮಾಡಿದ್ದ. ಹೆಂಡತಿ ಬೈಯಲಿಲ್ಲ. ಮಾರಾಟವಾಗದ ಮರಿಗಳೊಂದಿಗೆ ವಾಪಸು ಬರುವಾಗ ಗಾಡಿ ಹೊಲಿಗೆ ಯಂತ್ರದ ಅಂಗಡಿಯನ್ನು ಹಾದುಹೋಯಿತು. ಅವಳು ಒಮ್ಮೆ ಆ ಕಡೆ ನೋಡಿದಳು. ಬೈದಿದ್ದರೇ ವಾಸಿಯಿತ್ತು ಎನ್ನಿಸಿತು ಅವನಿಗೆ.

ಮನೆಗೆ ಬಂದವಳೇ ಬಜೆಟ್ಟನ್ನು ತನ್ನ ಕೈಗೆ ತೆಗೆದುಕೊಂಡಳು. ಹಿಂಡಿ ಮತ್ತೆ ಮೊದಲಿನಷ್ಟಾಯಿತು. ಸಿಹಿ, ಖಾರ ರದ್ದಾದವು. ಕುರ್ಚಿ ಅಟ್ಟ ಸೇರಿತು. ಬೆಳಿಗ್ಗೆ ಸಂಜೆ ಮರಿಗಳನ್ನು ಗುಡ್ಡಕ್ಕೆ ಹೊಡೆದುಕೊಂಡು ಹೋಗಿ ಮೇಯಿಸುವ ಹುದ್ದೆಗೆ ಅಂಚೆಯಣ್ಣನ ನೇಮಕವಾಯಿತು, ಸಂಬಳವಿಲ್ಲದೆ. ಕೆಲವು ತಿಂಗಳ ಮೇಲೆ ಅದೇ ಅಂಗಡಿಯ ಅದೇ ಯಂತ್ರದ ಮೇಲೆ ಹತ್ತಕ್ಕೆ ಹತ್ತೂ ಮೂವತ್ತು ದಾಟಿದವು. ಕೊನೆಗೆ ಅಂಚೆಯಣ್ಣ ಯಾರೂ ಕೇಳದಿದ್ದರೂ ತಾನೂ ಹತ್ತಿ, "ಅರವತ್ತೆರಡು" ಎಂದು ಬೀದಿಗೆಲ್ಲ ಕೇಳುವಂತೆ ಓದಿದ. ಎದೆ ಮತ್ತೆ ಉಬ್ಬಿತು. ಹೆಂಡತಿಯ ಮುಖವೂ ಅರಳಿತ್ತು.

ಅವತ್ತೇ ಹೊಸ ಹೊಲಿಗೆ ಯಂತ್ರ ಮನೆಗೆ ಬಂತು. ಅದರ ಸೂಜಿಯ ಕೆಳಗೆ ಮೊದಲು ಹೋದದ್ದು ಈಗ ಜಾರಿ ಬೀಳುತ್ತಿದ್ದ ಅಂಚೆಯಣ್ಣನ ಪ್ಯಾಂಟು. ಹೊಲಿದು ಮುಗಿಸಿ ಅವಳು ಬಜೆಟ್ ಹಾಳೆಯಲ್ಲಿ ಏನೋ ಬರೆದಳು.

"ಗಂಡನ ಹತ್ರಾನೂ ಹೊಲಿಗೆ ಕೂಲಿ ತಗೋತೀಯಾ?"

"ನಿಮ್ಮ ಹತ್ರ ಯಾಕೆ? ಇದು ಫಾರಂ ಖರ್ಚು" ಎಂದು ಅವಳು ಹಾಳೆಯನ್ನು ಅವನ ಮುಂದೆ ತಳ್ಳಿದಳು. ಅಂದು ಅವನು ಕೆಂಪು ಗೆರೆ ಎಳೆದಿದ್ದ "ತೂಗುವ ಯಂತ್ರ" ಎಂಬ ಬಾಬ್ತಿನ ಮುಂದೆ ಗುಂಡಗಿನ ಅಕ್ಷರದಲ್ಲಿ ಹೀಗೆ ಬರೆದಿತ್ತು: ದುರಸ್ತಿ, ಎರಡು ಸಲ ಲೂಸ್, ಒಂದು ಸಲ ಟೈಟ್.