ಕೋರ್ಟಿನಲ್ಲಿ ನಾನು ಹಾಡಿದ ಹಾಡು

ನಾನು ಪುಕ್ಕಲ. ಇದನ್ನು ಮೊದಲೇ ಹೇಳಿಬಿಡುವುದು ಕ್ಷೇಮ. ಆಮೇಲೆ ನೀವು ಕೇಳಿ, ನಾನು ತೊದಲಿ, ಇಬ್ಬರಿಗೂ ಮುಜುಗರವಾಗುವುದು ಬೇಡ. ಹಾವು, ದೆವ್ವ, ಪೊಲೀಸು ಇವಕ್ಕೆ ಎಲ್ಲರೂ ಹೆದರುತ್ತಾರೆ, ಅದರಲ್ಲಿ ಹೆಚ್ಚುಗಾರಿಕೆಯೇನಿಲ್ಲ. ನಾನು ಅಂಚೆಯವನು ಬಾಗಿಲಲ್ಲಿ ನಿಂತು ‘ಸ್ವಾಮೀ’ ಎಂದರೂ ಹೆದರುತ್ತೇನೆ. ಮಧುಗಿರಿಯ ಮಿಡಲ್ ಸ್ಕೂಲಿಗೆ ವರ್ಗವಾಗಿ ಬಂದ ಹೊಸದರಲ್ಲಿ ಊರ ಮೇಲೆ ನಿಂತ ಆ ಬೋಳು ಬಂಡೆಯ ಬೆಟ್ಟವನ್ನು ನೋಡಿ ಒಂದು ತಿಂಗಳು ಸರಿಯಾಗಿ ನಿದ್ದೆ ಮಾಡಲಿಲ್ಲ. “ಎಷ್ಟೋ ಕಾಲದಿಂದ ಅದು ಅಲ್ಲೇ ಇದೆಯಲ್ರೀ” ಎಂದು ಹೆಂಡತಿ ಗಿರಿಜೆ ಸಮಾಧಾನ ಹೇಳಿದಳು. “ಅದಕ್ಕೇ ಹೇಳಿದ್ದು, ಇನ್ನೆಷ್ಟು ಕಾಲ ಇರುತ್ತೆ?” ಎಂದೆ. ಮಗ್ಗುಲಾಗಿ ಮಲಗಿದಳು. ಇಂಥವನನ್ನು ಹಿಡಿದು, ನಾಡಿಗೆಲ್ಲ ಹೆಸರಾದ ಇಬ್ಬರು ನಟರ ಪೈಕಿ ಯಾರು ಅಸಲು, ಯಾರು ನಕಲು ಎಂದು ಹೇಳಲು ಕಟಕಟೆ ಹತ್ತಿಸಿದರೆ ಹೇಗಾಗಬೇಡ!

ಆಗಿನ್ನೂ ಮಹಾರಾಜರ ಕಾಲ. ಆ ವರ್ಷ ನಮ್ಮೂರಿಗೆ ಒಟ್ಟಿಗೇ ಎರಡು ನಾಟಕ ಕಂಪನಿಗಳು ಬಂದವು. ಕೋಟೆ ಬಾಗಿಲಿನ ಕಡೆಯ ಬಯಲಲ್ಲಿ ‘ಗಾನಹಂಸ’ ಕೆಂಚಪ್ಪನವರ ಡೇರೆ. ಸಂತೆ ಮೈದಾನದಲ್ಲಿ ‘ಮಧುಕಂಠ’ ರುದ್ರಪ್ಪನವರ ಡೇರೆ. ಈ ಇಬ್ಬರ ಹೆಸರು ಕೇಳಿದರೆ ಜನ ಉಣ್ಣುವ ತಟ್ಟೆ ಬಿಟ್ಟು ಏಳುತ್ತಿದ್ದರು. ಕೆಂಚಪ್ಪನವರು ತಲೆ ಬಾಚುವ ಹಾಗೆ ಹುಡುಗರು ಬಾಚಿಕೊಂಡರು, ರುದ್ರಪ್ಪನವರು ಶಾಲು ಹೊದೆಯುವ ಹಾಗೆ ಪಟೇಲರು ಹೊದ್ದುಕೊಂಡರು. ಎರಡು ಡೇರೆಗಳಿಗೂ ಸರಿಯಾಗಿ ನಡುವೆ, ಯಾರಿಗೂ ಯಾವ ಅಪರಾಧವನ್ನೂ ಮಾಡದೆ, ನನ್ನ ಬಾಡಿಗೆ ಮನೆ ಇತ್ತು.

ತೊಂದರೆ ಹುಟ್ಟಿದ್ದು ಒಂದು ಹಾಡಿನಿಂದ. ಕೆಂಚಪ್ಪನವರು ರಾಜನ ವೇಷದಲ್ಲಿ ‘ಬಾರೆಲೆ ಗಿಣಿಯೇ’ ಎಂದು ಅಳುತ್ತ ಹಾಡುತ್ತಿದ್ದರು. ರುದ್ರಪ್ಪನವರೂ ರಾಜನ ವೇಷದಲ್ಲೇ ‘ಹೋಗೆಲೆ ದುಂಬಿಯೇ’ ಎಂದು ನಗುತ್ತ ಹಾಡುತ್ತಿದ್ದರು. ಒಬ್ಬರು ಬಾ ಎನ್ನುವುದು, ಇನ್ನೊಬ್ಬರು ಹೋಗು ಎನ್ನುವುದು. ಮಟ್ಟು, ಅಂದರೆ ಧಾಟಿ, ಮಾತ್ರ ಒಂದೇ. ನನ್ನ ಜಗಲಿಯ ಮೇಲೆ ಕುಳಿತರೆ ಬಲಗಿವಿಗೆ ಗಿಣಿ ಬರುತ್ತಿತ್ತು, ಎಡಗಿವಿಯಿಂದ ದುಂಬಿ ಹೋಗುತ್ತಿತ್ತು. ಹೀಗೆ ಕೆಲವು ದಿನ ನಡೆದ ಮೇಲೆ ರುದ್ರಪ್ಪನವರು ಆಟದ ನಡುವೆ ಪರದೆಯ ಮುಂದೆ ಬಂದು, “ಆ ಕಡೆ ಡೇರೆಯಲ್ಲಿ ನನ್ನ ಮಟ್ಟು ಕದ್ದ ಕಳ್ಳನಿದ್ದಾನೆ” ಎಂದು ಸಾರಿಬಿಟ್ಟರು. ಕೆಂಚಪ್ಪನವರು ಮಾನನಷ್ಟದ ದಾವೆ ಹೂಡಿದರು. ಕದ್ದದ್ದು ನಿಜವೋ ಸುಳ್ಳೋ ಎಂದು ಹೇಳಲು ಎರಡೂ ಹಾಡುಗಳನ್ನು ದಿನವೂ ಕೇಳಿದವನು ಬೇಕಲ್ಲ? ಎರಡೂ ಕಡೆಯ ವಕೀಲರು ಯೋಚಿಸಿ ಒಬ್ಬನೇ ಮನುಷ್ಯನ ಹೆಸರನ್ನು ಬರೆದುಕೊಟ್ಟರು.

ಕೋರ್ಟಿನ ಜವಾನ ಸಮನ್ಸು ಹಿಡಿದು ಶಾಲೆಗೇ ಬಂದ. ನಾನು ಮೂರನೆಯ ತರಗತಿಗೆ ಭಾಗಾಕಾರ ಹೇಳಿಕೊಡುತ್ತಿದ್ದೆ. ಬೆಲ್ಟು, ಬಿಲ್ಲೆ ನೋಡಿದ ಕೂಡಲೇ ಕೈಯಲ್ಲಿದ್ದ ಸೀಮೆಸುಣ್ಣ ಬಿತ್ತು. ಮೇಷ್ಟ್ರನ್ನು ಹಿಡಿದುಕೊಂಡು ಹೋಗಲು ಬಂದಿದ್ದಾರೆಂದು ಹುಡುಗರಿಗೆಲ್ಲ ಎಲ್ಲಿಲ್ಲದ ಸಂತೋಷ.

ಅಂದು ಸಂಜೆಯೇ ಗರಡಿ ಭೈರಣ್ಣ ಮನೆಗೆ ಬಂದ. ಊರಿನ ಗರಡಿಯ ಉಸ್ತಾದ. ಕೆಂಚಪ್ಪನವರೆಂದರೆ ಅವನಿಗೆ ಪ್ರಾಣ. ಬಾಗಿಲಿಗೆ ಅಡ್ಡವಾಗಿ ನಿಂತರೆ ಮನೆಯೊಳಗೆ ದೀಪ ಹಚ್ಚಬೇಕಾಗುತ್ತಿತ್ತು. ನನ್ನ ಹೆಗಲ ಮೇಲೆ ಪ್ರೀತಿಯಿಂದ ಕೈಯಿಟ್ಟ. ಹೆಗಲು ಒಂದು ಕಡೆ ಇಳಿಯಿತು.

“ಮೇಷ್ಟ್ರೇ, ನೀವೇನೂ ಎದುರ್ಕಬ್ಯಾಡಿ, ನಾವಿದೀವಿ” ಎಂದ. “ಕೋರ್ಟ್ನಾಗೆ ಸತ್ಯ ಯೋಳ್ಬುಡಿ, ಸಾಕು.”

“ಹೇಳ್ತೀನಪ್ಪ, ಸತ್ಯಾನೇ ಹೇಳ್ತೀನಿ.”

“ಸತ್ಯ ಯಾವ್ದು ಅಂತ ಗೊತ್ತೈತಲ್ಲಾ?”

ಗೊತ್ತಿದೆ ಎಂದೆ. ಹೆಗಲ ಮೇಲೆ ಆ ಕೈ ಇರುವಾಗ ಯಾವುದು ಗೊತ್ತಿಲ್ಲ ಎನ್ನಲು ಸಾಧ್ಯ?

ಭೈರಣ್ಣ ಅತ್ತ ಹೋದ, ಮನೆಯ ಮಾಲೀಕರು ಓಬಳಶೆಟ್ಟರು ಇತ್ತ ಬಂದರು. ಪಾವಗಡದ ಕಡೆಯ ತೆಲುಗು ಮಾತಿನ ಕಡಲೆಕಾಯಿ ವ್ಯಾಪಾರಿ. ರುದ್ರಪ್ಪನವರು ಅವರ ಸೀಮೆಯವರು. ಆ ಕಂಪನಿಯ ಆಟಕ್ಕೆ ದಿನವೂ ಮುಂದಿನ ಕುರ್ಚಿಯಲ್ಲಿ ಕೂರುವವರು. ಸದಾ ನಗುಮುಖ, ಬೈದದ್ದನ್ನು ನಾನೆಂದೂ ಕೇಳಿಲ್ಲ. ಅದಕ್ಕೇ ಅವರನ್ನು ಕಂಡರೆ ಇನ್ನೂ ಭಯ.

“ಚೂಡಂಡಿ ಮೇಷ್ಟ್ರೇ, ನಾನು ಯಾರನ್ನೂ ಬೆದರಿಸೋ ಮನುಷ್ಯ ಕಾದು, ಅಲ್ಲ” ಎಂದು ಜಗಲಿಯ ಮೇಲೆ ಕುಳಿತು ಎಲೆ ಅಡಿಕೆ ಹಾಕಿಕೊಂಡರು. “ರುದ್ರಪ್ಪಗಾರು ಗೆಲ್ತಾರೆ, ಅದು ದೇವರಿಗೇ ತೆಲುಸು. ಆದ್ರೆ ನಮ್ಮ ಅಲ್ಲುಡು, ಅದೇ ಅಳಿಯ, ಈ ಊರಾಗೆ ಅಂಗಡಿ ಇಡ್ತೀನಿ ಅಂತವ್ನೆ. ಅವನಿಗೊಂದು ಮನೆ ಬೇಕಂಟ. ಈ ಮನೆ ಗಾಳಿ ಬೆಳಕು ಬಾಗುಂದಿ, ಚೆನ್ನಾಗೈತೆ ಅಲ್ಲವಾ?”

ಗಾಳಿಯೂ ಇಲ್ಲ, ಬೆಳಕೂ ಇಲ್ಲ ಎಂದು ಹೇಳಿನೋಡಿದೆ. ಅವರು ನಗುತ್ತಲೇ ಎದ್ದು ಹೋದರು.

ಇಬ್ಬರೂ ಹೋದ ಮೇಲೆ ಗಿರಿಜೆಯನ್ನು ಕೇಳಿದೆ: “ಮೈಮೂಳೆ ಮುರಿಸಿಕೊಳ್ಳೋದು ಮೇಲೋ, ಮನೆ ಬಿಡೋದು ಮೇಲೋ?”

“ಮನೇನೇ ಬಿಡೋಣ. ಮೂಳೆ ಮುರಿದರೆ ಸಾಮಾನು ಹೊರೋರು ಯಾರು?” ಎಂದಳು. ಯೋಚಿಸಿದರೆ ಮಾತು ಸರಿಯಾಗಿಯೇ ಇತ್ತು.

ಆದರೆ ನನ್ನ ಗ್ರಹಚಾರ ನೋಡಿ. ಯಾವ ಕಡೆಗೆ ಹೇಳುವುದೆಂದು ತಿಳಿಯದೆ, ಎರಡು ದಿನ ಕಣ್ಮರೆಯಾಗಿದ್ದು ಬರೋಣವೆಂದು ಸಿರಾಕ್ಕೆ ಹೋದೆ. ಅಲ್ಲಿ ಅತ್ತರಿನ ಅಂಗಡಿ ಇಟ್ಟಿದ್ದ ಷರೀಫ್ ಸಾಹೇಬರು ನನ್ನ ಹಳೆಯ ಸ್ನೇಹಿತರು. ಅವರ ಮನೆಯಲ್ಲಿ ತುತ್ತೂರಿಯ ಗ್ರಾಮಾಫೋನು ಇತ್ತು. ನನ್ನ ಕಳೆಗುಂದಿದ ಮುಖ ನೋಡಿ, “ಮನಸ್ಸಿಗೆ ಖುಷಿಯಾಗ್ಲಿ ಮಾಸ್ಟರ್ ಸಾಬ್” ಎಂದು ಉತ್ತರ ದೇಶದ ಯಾರೋ ಹೆಂಗಸು ಹಾಡಿದ ಪ್ಲೇಟು ಹಾಕಿದರು. ಪ್ಲೇಟು ತಿರುಗಿತು. ನನ್ನ ತಲೆಯೂ ತಿರುಗಿತು. ಗಿಣಿಯೂ ಅದೇ, ದುಂಬಿಯೂ ಅದೇ! ಮಾತು ಹಿಂದೂಸ್ತಾನಿ, ಮಟ್ಟಿನಲ್ಲಿ ಒಂದಿಷ್ಟೂ ವ್ಯತ್ಯಾಸವಿಲ್ಲ.

“ಸಾಹೇಬರೇ, ಇದು ಹಳೇ ಪ್ಲೇಟೇ?”

“ಬಹುತ್ ಹಳೇದು. ನಮ್ಮ ಅಬ್ಬಾಜಾನ್ ತಂದಿದ್ದು.”

“ಹಾಗಾದರೆ ಈ ಹಾಡು ಇವಳದ್ದು!”

ಸಾಹೇಬರು ಗಡ್ಡ ನೀವಿಕೊಂಡು ನಕ್ಕರು. “ಅರೇ, ಇವಳು ಯಾವ ಫಕೀರನ ಬಾಯಿಂದ ಎತ್ತಿಕೊಂಡಳೋ ಯಾರಿಗೆ ಗೊತ್ತು! ನಾನು ಅತ್ತರು ಮಾರೋನು ಮಾಸ್ಟರ್ ಸಾಬ್. ಹೂವು ನಾನು ಮಾಡಿದ್ದಲ್ಲ, ಎಣ್ಣೆ ನಾನು ಮಾಡಿದ್ದಲ್ಲ. ಶೀಷೆ ಮೇಲೆ ಹೆಸರು ಮಾತ್ರ ನಂದು. ಗಿರಾಕಿ ಬರೋದು ಹೆಸರು ನೋಡಿ.”

ಅವರಿಗೆ ಅದು ತಮಾಷೆ. ನನಗೆ ಪ್ರಾಣಸಂಕಟ. ಅಲ್ಲಿಯವರೆಗೆ ಸತ್ಯ ಹೇಳಿದರೆ ಒಂದು ಕಡೆಯವರು ಮಾತ್ರ ನನ್ನನ್ನು ಹಿಡಿಯುತ್ತಿದ್ದರು. ಈಗ ಸತ್ಯ ಹೇಳಿದರೆ ಎರಡು ಕಡೆಯವರೂ ಹಿಡಿಯುವ ಹಾಗಾಯಿತು. ಮೂಳೆಯೂ ಹೋಯಿತು, ಮನೆಯೂ ಹೋಯಿತು. ವಾಪಸು ಬರುವ ಬಸ್ಸಿನಲ್ಲಿ, ಯಂತ್ರ ಕೆಟ್ಟು ದಾರಿಯಲ್ಲೇ ನಿಂತುಬಿಡಲಿ ಎಂದು ಹರಸಿಕೊಂಡೆ. ದಿನವೂ ಕೆಟ್ಟು ನಿಲ್ಲುವ ಆ ಬಸ್ಸು ಅಂದು ಹೊತ್ತಿಗೆ ಮೊದಲೇ ಊರು ಮುಟ್ಟಿತು.

ವಿಚಾರಣೆಯ ದಿನ ಕೋರ್ಟಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಿಟಕಿಗಳಲ್ಲೂ ಮುಖಗಳು. ಎಡಗಡೆ ಭೈರಣ್ಣ ತನ್ನ ಶಿಷ್ಯರೊಂದಿಗೆ ನಿಂತಿದ್ದ; ಬಲಗಡೆ ಶೆಟ್ಟರು ನಗುತ್ತ ಕೂತಿದ್ದರು. ನಟರಿಬ್ಬರೂ ಜರಿ ರುಮಾಲು ಸುತ್ತಿಕೊಂಡು, ಈಗಲೇ ಪರದೆ ಏಳುತ್ತದೆ ಎನ್ನುವಂತೆ ಎದೆ ಉಬ್ಬಿಸಿ ಕುಳಿತಿದ್ದರು. ಕಟಕಟೆ ಹತ್ತಿದೆ. ಪ್ರಮಾಣ ಮಾಡಿಸಿದರು. ಸತ್ಯವನ್ನೇ ಹೇಳುತ್ತೇನೆ ಎಂದು ಬಾಯಿ ಹೇಳಿತು. ಮೊಣಕಾಲು ಬೇರೆಯೇ ಏನೋ ಹೇಳುತ್ತಿತ್ತು.

“ಎರಡೂ ಹಾಡು ಕೇಳಿದ್ದೀರಾ?” ಎಂದರು ಮ್ಯಾಜಿಸ್ಟ್ರೇಟರು.

“ಕೇಳಿದ್ದೇನೆ ಮಹಾಸ್ವಾಮಿ.”

“ಮಟ್ಟು ಒಂದೆಯೋ, ಬೇರೆಯೋ?”

ಒಂದೇ ಎಂದರೆ ಕದ್ದವನು ಯಾರು ಎಂದು ಕೇಳುತ್ತಾರೆ. ಬೇರೆ ಎಂದರೆ ಸುಳ್ಳುಸಾಕ್ಷಿಯಾಗುತ್ತದೆ. ಒಮ್ಮೆ ಭೈರಣ್ಣನ ಕಡೆ, ಒಮ್ಮೆ ಶೆಟ್ಟರ ಕಡೆ ನೋಡಿದೆ. ಮ್ಯಾಜಿಸ್ಟ್ರೇಟರು ಹೇಳಿದರು: “ನಾನು ನಾಟಕ ನೋಡುವವನಲ್ಲ. ನೀವು ಆ ಮಟ್ಟನ್ನು ಒಂದು ಸಲ ಹಾಡಿ ತೋರಿಸಿ.”

ಓದುಗರೇ, ನಾನು ಹುಟ್ಟಿದ ಮೇಲೆ ಹಾಡಿದವನಲ್ಲ. ಶಾಲೆಯ ಪ್ರಾರ್ಥನೆಯಲ್ಲೂ ಬರಿಯ ತುಟಿ ಆಡಿಸುವವನು. ಕಣ್ಣು ಮುಚ್ಚಿ ಬಾಯಿ ತೆರೆದೆ. ‘ಬಾರೆಲೆ’ ಎಂದು ಹೊರಟೆ. ಶೆಟ್ಟರು ಕೆಮ್ಮಿದ ಸದ್ದಾಯಿತು. ‘ಹೋಗೆಲೆ’ ಎಂದು ತಿರುಗಿಸಿದೆ. ಭೈರಣ್ಣ ಕಾಲು ಬದಲಿಸಿದ ಸದ್ದಾಯಿತು. ಮತ್ತೆ ಬಾರೆಲೆ, ಮತ್ತೆ ಹೋಗೆಲೆ. ಸ್ವರ ಒಮ್ಮೆ ಸೂರಿಗೆ ಏರಿತು, ಒಮ್ಮೆ ಕಟಕಟೆಯ ಕೆಳಗೆ ಅಡಗಿತು. ನಡುವೆ ಬಿಕ್ಕಳಿಕೆ ಬೇರೆ ಶುರುವಾಗಿ, ತಾಳ ಹಾಕಿದ ಹಾಗೆ ಕೊನೆಯವರೆಗೂ ಜೊತೆ ಕೊಟ್ಟಿತು. ಕಣ್ಣು ಬಿಟ್ಟೆ. ಗುಮಾಸ್ತರು ಬರೆಯುವುದನ್ನು ನಿಲ್ಲಿಸಿದ್ದರು.

ಮ್ಯಾಜಿಸ್ಟ್ರೇಟರು ಕೆಂಚಪ್ಪನವರ ಕಡೆ ತಿರುಗಿ, “ಇದು ನಿಮ್ಮ ಮಟ್ಟೇ?” ಎಂದರು.

ಕೆಂಚಪ್ಪನವರು ಕೆನ್ನೆ ಕೆನ್ನೆ ಬಡಿದುಕೊಂಡರು. “ಶಿವಶಿವಾ! ಖಂಡಿತ ನನ್ನದಲ್ಲ ಮಹಾಸ್ವಾಮಿ.”

“ನಿಮ್ಮದೇ?” ಎಂದು ರುದ್ರಪ್ಪನವರನ್ನು ಕೇಳಿದರು.

“ನನ್ನ ಮಾತಿರಲಿ ಮಹಾಸ್ವಾಮಿ, ಇಂಥದ್ದು ಕೆಂಚಪ್ಪನವರದ್ದು ಅಂತಲೂ ನಾನು ಹೇಳಲಾರೆ” ಎಂದರು ರುದ್ರಪ್ಪನವರು.

“ಇಬ್ಬರದ್ದೂ ಅಲ್ಲದ ಮೇಲೆ ಕದ್ದ ಮಾತೆಲ್ಲಿ ಬಂತು? ರಾಜಿ ಮಾಡಿಕೊಂಡು ಹೋಗಿ” ಎಂದು ಮ್ಯಾಜಿಸ್ಟ್ರೇಟರು ಎದ್ದುಬಿಟ್ಟರು. ಅವರಿಗೂ ಒಂದು ಲೋಟ ಕಾಫಿ ಬೇಕಾಗಿತ್ತೆಂದು ಕಾಣುತ್ತದೆ.

ನಟರಿಬ್ಬರೂ ಅಲ್ಲೇ ಅಪ್ಪಿಕೊಂಡರು. ಜನ ಚಪ್ಪಾಳೆ ತಟ್ಟಿದರು. ನಾನು ಸಂದಿಯಿಂದ ಜಾರಿ ಹೊರಗೆ ಬರುವಷ್ಟರಲ್ಲಿ ತಮಟೆ ಬಾರಿಸುತ್ತ ಒಂದು ಎತ್ತಿನ ಗಾಡಿ ಬಂತು; ಅದರಿಂದ ಬಣ್ಣ ಬಣ್ಣದ ಹ್ಯಾಂಡ್‌ಬಿಲ್ಲು ಎರಚುತ್ತಿದ್ದರು. ‘ಬನ್ನಿರಿ! ನೋಡಿರಿ! ವೈರ ಮರೆತ ಗಾನಹಂಸ, ಮಧುಕಂಠರು ಒಂದೇ ರಂಗದ ಮೇಲೆ!’ ಒಂದನ್ನು ಮನೆಗೆ ತಂದು ಗಿರಿಜೆಗೆ ಕೊಟ್ಟೆ. ಅವಳು ಹಿಂದೆ ಮುಂದೆ ತಿರುಗಿಸಿ ನೋಡಿ, “ರಾಜಿ ಆಗಿದ್ದು ಈಗ ತಾನೇ ಅಂದ್ರಿ. ಇದು ತುಮಕೂರಿಂದ ಅಚ್ಚಾಗಿ ಬರೋಕೆ ನಾಲ್ಕು ದಿನ ಬೇಡ್ವೇನ್ರೀ?” ಎಂದಳು.

ನಾನು ಕಂಬಕ್ಕೆ ಒರಗಿ ಕುಳಿತೆ. ಕಳ್ಳನೆಂದು ಬೈದದ್ದೂ ನಟರಿಬ್ಬರೂ ಸೇರಿ ಆಡಿದ ಆಟ, ದಾವೆಯೂ ಅವರದೇ ಆಟ. ಊರೆಲ್ಲ ಎರಡು ಡೇರೆಗಳಿಗೂ ಹೋಗಿ ಎರಡೂ ಹಾಡು ಹೋಲಿಸಿ ನೋಡಲಿ ಎಂಬ ಉಪಾಯ. ಇದರಲ್ಲಿ ನಿಜವಾಗಿದ್ದದ್ದು ನನ್ನ ನಡುಕ ಒಂದೇ. ಆ ಜೋಡಿ ಆಟಕ್ಕೆ ಡೇರೆಯ ಪಕ್ಕಗಳನ್ನು ಬಿಚ್ಚಿ ಜನರನ್ನು ಕೂರಿಸಬೇಕಾಯಿತಂತೆ. ಭೈರಣ್ಣನೂ ಶೆಟ್ಟರೂ ಒಂದೇ ಬೆಂಚಿನಲ್ಲಿ ಕುಳಿತು ಎಲೆ ಅಡಿಕೆ ಹಂಚಿಕೊಂಡರಂತೆ. ನಾನು ಹೋಗಲಿಲ್ಲ, ಜ್ವರ ಬಂದಿತ್ತು.

ಕೆಲವು ತಿಂಗಳ ಮೇಲೆ ನೆಂಟರ ಮನೆಯ ನಾಮಕರಣಕ್ಕೆಂದು ಗಿರಿಜೆಯೂ ನಾನೂ ಕೊರಟಗೆರೆಗೆ ಹೋದೆವು. ಅಲ್ಲಿ ಕೆಂಚಪ್ಪನವರ ಕಂಪನಿ ಬಿಡಾರ ಮಾಡಿತ್ತು. ಗಿರಿಜೆಯ ಒತ್ತಾಯಕ್ಕೆ ಆಟಕ್ಕೆ ಹೋದೆ. ಅಂದು ಗಾನಹಂಸರು ರಾಜನಾಗಿ ಬರಲಿಲ್ಲ. ಯುದ್ಧಕ್ಕೆ ಹೊರಟ ಪುಕ್ಕಲ ಸಿಪಾಯಿಯಾಗಿ ಬಂದರು. ಮೊಣಕಾಲು ನಡುಗಿಸಿ, ಕಣ್ಣು ಮುಚ್ಚಿ, ‘ಹೋಗಲೋ, ಬರಲೋ’ ಎಂದು ಎತ್ತಿಕೊಂಡರು. ಸ್ವರ ಸೂರಿಗೆ ಏರಿತು, ಹಲಗೆಯ ಕೆಳಗೆ ಇಳಿಯಿತು. ಬಿಕ್ಕಳಿಕೆ ಸರಿಯಾದ ಜಾಗದಲ್ಲಿ ಬಂತು. ಜನ ಬಿದ್ದು ಬಿದ್ದು ನಕ್ಕರು. ‘ವನ್ಸ್ ಮೋರ್’ ಕೂಗಿ ಕೂಗಿ ಮತ್ತೆ ಮತ್ತೆ ಹಾಡಿಸಿದರು. ಗಿರಿಜೆ ನನ್ನ ಪಕ್ಕೆ ತಿವಿದಳು. “ರೀ, ಇದು ನಿಮ್ದು!”

ಬೆಳಿಗ್ಗೆ ಅವಳೇ ನನ್ನನ್ನು ಅವರ ಬಿಡಾರದ ಬಾಗಿಲಿಗೆ ತಳ್ಳಿದಳು. ಕೆಂಚಪ್ಪನವರು ಬೇವಿನ ಕಡ್ಡಿ ಅಗಿಯುತ್ತ ನಿಂತಿದ್ದರು. ಬಣ್ಣವಿಲ್ಲದ ಮುಖ ನಮ್ಮ ಕಾಫಿ ಹೋಟೆಲಿನವನ ಮುಖದ ಹಾಗೆಯೇ ಇತ್ತು. ಧೈರ್ಯ ತಂದುಕೊಂಡು, “ಆ ಹಾಡು…” ಎಂದೆ.

“ಓಹೋ, ಮಧುಗಿರಿ ಮೇಷ್ಟ್ರು! ಗುರುತು ಸಿಕ್ತಾ?” ಎಂದು ನಕ್ಕರು. ಒಂದಿಷ್ಟೂ ಸಂಕೋಚವಿಲ್ಲ. “ನೋಡಿ, ನೀವು ಹಾಡಿದಾಗ ಕೋರ್ಟ್ನಾಗೆ ಒಂದು ಚಪ್ಪಾಳೆ ಬಿತ್ತಾ? ನಾನು ಹಾಡಿದೆ, ಜನ ಬುಡಲ್ಲ ಅಂತಾರೆ. ಈಗ ಯೋಳಿ, ಅದು ಯಾರ್ದು?”

ಅವರು ಕಡ್ಡಿ ಎಸೆದು ಹತ್ತಿರ ಬಂದು ದನಿ ತಗ್ಗಿಸಿದರು. “ಒಂದು ನಿಜ ಯೋಳ್ತೀನಿ. ಊರೂರು ತಿರುಗ್ದೋನು ನಾನು. ಪ್ಲೇಟು ಕೇಳಿ, ಪರವೂರ ಕಂಪನಿ ನೋಡಿ, ಎಲ್ಲಾನೂ ಎತ್ಕೊಂಡೋನೇ. ಯಾರ ತಾವನೂ ಇಲ್ದೇ ಇರೋದು ಅಂತ ನಾನು ಕೇಳಿದ್ದು ಅದೊಂದೇ, ನಿಮ್ಮ ಭಯ. ಅಂಗೆ ಎದುರ್ಕೊಳ್ಳೋದು ಯಾರ್ಗೂ ಬರಲ್ಲ ಮೇಷ್ಟ್ರೇ.”

ಜೀವಮಾನದಲ್ಲಿ ಒಬ್ಬ ಕಲಾವಿದನ ಬಾಯಿಂದ ನನಗೆ ಬಂದ ಬಿರುದು ಅದು. ಕೈ ಮುಗಿದು ಬಂದೆ. ಬಸ್ಸಿನ ನಿಲ್ದಾಣದಲ್ಲಿ ಗಿರಿಜೆ ಪಟ್ಟು ಹಿಡಿದಳು: “ಬಿಡಬೇಡಿ, ನೀವೂ ದಾವೆ ಹಾಕಿ.”

“ಹಾಡಿ ತೋರಿಸು ಅಂತಾರೆ ಕಣೇ” ಎಂದೆ. ಅವಳು ಗಂಟು ಎತ್ತಿಕೊಂಡು ಬಸ್ಸು ಹತ್ತಿದಳು.

ಬಸ್ಸಿನಲ್ಲಿ ನನ್ನ ಪಕ್ಕದಲ್ಲಿ ಹೊಳವನಹಳ್ಳಿಯ ರೈತರೊಬ್ಬರು ಕುಳಿತರು. ಅವರೂ ಆಟ ನೋಡಿ ಬಂದವರು. ದಾರಿಯುದ್ದಕ್ಕೂ ಆ ಹಾಡನ್ನೇ ಗುನುಗುತ್ತಿದ್ದು, “ಸ್ವಾಮಿ, ಇದು ನಿಮಗೂ ಬತ್ತದಾ?” ಎಂದು ಕೇಳಿದರು. ಬರುವುದಿಲ್ಲ ಎಂದೆ. “ಬನ್ನಿ, ಯೋಳ್ಕೊಡ್ತೀನಿ” ಎಂದು ಒಂದೊಂದು ಸಾಲನ್ನೂ ಹಾಡಿ ಹಾಡಿಸಿದರು. ಬೇಡವೆನ್ನಲು ಹೆದರಿ ಮೆಲ್ಲನೆ ಹಾಡಿದೆ. ಅವರು ತಲೆಯಾಡಿಸಿ, ಅಯ್ಯೋ ಪಾಪ ಎನ್ನುವ ಹಾಗೆ ನನ್ನ ಮೊಣಕಾಲು ತಟ್ಟಿದರು.

“ಅಂಗಲ್ಲ ಸ್ವಾಮಿ. ನಿಮಗೆ ಬತ್ತಾ ಇಲ್ಲ. ಅಲ್ಲಿ ಇನ್ನೂ ಸೊಲ್ಪ ಎದುರ್ಕಬೇಕು.”